ಬಳಚಿಗೆ ಮುರುಗಲು ಹಾಕದ ದಿನ

ಗೋಕರ್ಣದ ಒಂದು ರೆಸಾರ್ಟಿನಲ್ಲಿ ಅಡುಗೆಯ ಹೊಣೆ ನನ್ನದು. ಕೆಲವು ವರ್ಷಗಳ ಹಿಂದೆ, ಬರಲಿದ್ದ ಅತಿಥಿಯೊಬ್ಬರಿಗಾಗಿ ಬೆಂಗಳೂರಿನಿಂದ ಎರಡು ಬಾಟಲಿ ಬಿಳಿ ವೈನ್ ಬಂತು. ಫ್ರಾನ್ಸಿನ ಶಾಬ್ಲಿಯದು. ಲೇಬಲ್ಲಿನ ಮೇಲೆ ‘ಲೆ ಕ್ಲೋ’ ಎಂದಿತ್ತು. ಅದು ಒಂದೇ ಗುಡ್ಡದ ಓರೆಯಲ್ಲಿರುವ ತೋಟದ ಹೆಸರು.

ಅತಿಥಿ ಬರುವುದು ತಡವಾಯಿತು. ಒಂದು ಬಾಟಲಿಯನ್ನು ತರಕಾರಿಯ ಫ್ರಿಜ್ಜಿನಲ್ಲಿಟ್ಟೆ, ಇನ್ನೊಂದು ಉಗ್ರಾಣದ ಕಪಾಟಿನಲ್ಲೇ ಉಳಿಯಿತು. ಏಪ್ರಿಲ್, ಮೇ ತಿಂಗಳ ನಮ್ಮ ಕರಾವಳಿಯ ಸೆಕೆ ಎಂಥದೆಂದು ಹೇಳಬೇಕಾಗಿಲ್ಲ. ಕಪಾಟಿನಲ್ಲಿದ್ದದ್ದರ ಬಿರಡೆ ಮೇಲಕ್ಕೆ ಉಬ್ಬಿತ್ತು. ತೆರೆದರೆ ಬಣ್ಣ ಜೇನಿನಷ್ಟು ಗಾಢ, ವಾಸನೆ ಬಾಡಿದ ಸೇಬಿನದು. ಅಷ್ಟು ದೂರದ ಬೆಳೆಗಾರನ ಒಂದು ವರ್ಷದ ದುಡಿಮೆ ನನ್ನ ಅಜ್ಞಾನದಿಂದ ಹಾಳಾಯಿತೆಂದು ಆ ದಿನ ನಿಜಕ್ಕೂ ನೊಂದೆ. ಆಮೇಲೆ ಆ ಗುಡ್ಡದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಶಾಬ್ಲಿ ಊರಿನ ಎದುರು, ಸೆರಾಂ ನದಿಯಾಚೆ, ನೈಋತ್ಯಕ್ಕೆ ಮುಖ ಮಾಡಿದ ಒಂದು ಇಳಿಜಾರಿದೆ. ಅತ್ಯುನ್ನತ ದರ್ಜೆಯ ಏಳೂ ತೋಟಗಳು ಅಲ್ಲೇ ಇವೆ. ಅವುಗಳಲ್ಲಿ ದೊಡ್ಡದು ಲೆ ಕ್ಲೋ, ಸುಮಾರು 26 ಹೆಕ್ಟೇರ್. ಬೆಳೆಯುವುದು ಶಾರ್ಡನೆ ದ್ರಾಕ್ಷಿ ಮಾತ್ರ. ಶಿರಸಿಯ ಅಡಿಕೆ ತೋಟಗಳನ್ನು ಕಂಡವರಿಗೆ ಇದು ತಿರುವುಮುರುವು ಅನಿಸುತ್ತದೆ. ನಮ್ಮ ಅಡಿಕೆಗೆ ಕಣಿವೆಯ ತಂಪು, ತೇವ ಬೇಕು. ಅಲ್ಲಿಯ ದ್ರಾಕ್ಷಿಗೆ ನೀರು ಬಸಿದುಹೋಗುವ, ಬಿಸಿಲು ನೇರ ಬೀಳುವ ಓರೆ ಬೇಕು. ತಣ್ಣನೆಯ ಗಾಳಿ ಕೆಳಕ್ಕೆ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಆದರೂ ವಸಂತದ ಇಬ್ಬನಿ ಹೆಪ್ಪುಗಟ್ಟಿ ಚಿಗುರು ಸುಟ್ಟುಹೋಗುವುದುಂಟು. ಆಗ ಬೆಳೆಗಾರರು ರಾತ್ರಿಯಿಡೀ ಸಾಲುಗಳ ನಡುವೆ ಮೇಣದ ಬೆಂಕಿ ಉರಿಸುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿಯ ಮಣ್ಣು. ಸುಮಾರು 15 ಕೋಟಿ ವರ್ಷ ಹಿಂದಿನ ಸಮುದ್ರತಳದ ಸುಣ್ಣ ಮತ್ತು ಜೇಡಿ ಅದು. ಅದರ ತುಂಬ ಪುಟ್ಟ ಪುಟ್ಟ ಸಿಂಪಿಗಳ ಪಳೆಯುಳಿಕೆ. ಅಘನಾಶಿನಿಯ ದಡದಲ್ಲಿ ಹುಟ್ಟಿದವನಿಗೆ ಬೇರೇನು ನೆನಪಾದೀತು? ಉಳಿದ ಬಾಟಲಿಯ ಜೊತೆಗೆ ನಮ್ಮ ಹೊಳೆಯ ಚಿಪ್ಪಿ, ಬಳಚನ್ನೇ ಬೇಯಿಸುವುದೆಂದು ನಿರ್ಧರಿಸಿದೆ.

ಮೊದಲು ಮಾಡಿದ್ದು ಮನೆಯ ಸುಕ್ಕ: ಬ್ಯಾಡಗಿ ಮೆಣಸು, ತೆಂಗಿನತುರಿ, ಹುಳಿಗೆ ಮುರುಗಲು (ಪುನರ್ಪುಳಿ). ಅಂಗಡಿಯ ಸಾಧಾರಣ ಬಿಳಿ ವೈನ್ ಜೊತೆ ರುಚಿ ನೋಡಿದೆ. ಖಾರ ನಾಲಿಗೆಯ ಮೇಲೆ ಇಮ್ಮಡಿಯಾಯಿತು, ಮುರುಗಲಿನ ಹುಳಿಯ ಮುಂದೆ ವೈನ್ ನೀರಾಯಿತು. ಅಡುಗೆಯ ಹುಳಿ ವೈನಿನ ಹುಳಿಯನ್ನು ಮೀರಿದರೆ ವೈನ್ ಸಪ್ಪೆಯಾಗುತ್ತದೆ. ಹಾಗಾಗಿ ಹುಳಿಯ ಜಾಗವನ್ನು ವೈನಿಗೇ ಬಿಟ್ಟುಕೊಟ್ಟೆ.

ಬಳಚನ್ನು ಉಪ್ಪುನೀರಿನಲ್ಲಿ ಎರಡು ತಾಸು ಬಿಟ್ಟು ಮರಳು ಕಾರಿಸಿದೆ. ಪಾತ್ರೆಗೆ ಒಂದು ಚಮಚ ತೆಂಗಿನೆಣ್ಣೆ, ಜಜ್ಜಿದ ಹಸಿ ಕಾಳುಮೆಣಸು ನಾಲ್ಕು ಗೊಂಚಲು. ನೀರು ಹಾಕದೆ ಮುಚ್ಚಳ ಮುಚ್ಚಿದೆ. ಚಿಪ್ಪು ಬಾಯ್ತೆರೆದ ಕೂಡಲೇ, ಅದು ಬಿಟ್ಟ ರಸಕ್ಕೆ ತೆಂಗಿನ ತೆಳು ಹಾಲು ಸೇರಿಸಿ ಇಳಿಸಿದೆ. ಉಪ್ಪು ಹಾಕಲಿಲ್ಲ, ಬಳಚಿನಲ್ಲೇ ಬೇಕಾದಷ್ಟಿತ್ತು. ಮುರುಗಲು ಎಲ್ಲಿ ಎಂದು ನನ್ನ ಸಹಾಯಕ ಎರಡು ಸಲ ಕೇಳಿದ.

ವೈನನ್ನು ಫ್ರಿಜ್ಜಿನಿಂದ ತೆಗೆದು ಇಪ್ಪತ್ತು ನಿಮಿಷ ಹೊರಗಿಟ್ಟೆ. 4 ಡಿಗ್ರಿಯಲ್ಲಿ ಅದು ಮೂಕ, 11ರ ಹತ್ತಿರ ಬಂದಾಗ ನಿಂಬೆ, ಹಸಿ ಸೇಬಿನ ಪರಿಮಳ ಮೇಲೆದ್ದಿತು. ಅತಿಥಿ ಮೊದಲ ಗುಟುಕಿನ ನಂತರ ಮಾತಾಡಲಿಲ್ಲ. ಚಿಪ್ಪಿನಲ್ಲಿ ಉಳಿದಿದ್ದ ರಸವನ್ನೂ ಕುಡಿದು ಮುಗಿಸಿದರು.

ಮರುದಿನ ಇಳಿತದ ಹೊತ್ತಿಗೆ ಬಳಚು ಆರಿಸಿ ತಂದ ಅಕ್ಕನಿಗೆ ಮೊಬೈಲಿನಲ್ಲಿ ಶಾಬ್ಲಿಯ ಆ ಸಿಂಪಿ ತುಂಬಿದ ಕಲ್ಲಿನ ಚಿತ್ರ ತೋರಿಸಿದೆ.

“ಚಿಪ್ಪಿಯ ಮೇಲೆ ಬೆಳೆದ ದ್ರಾಕ್ಷಿ ಉಪ್ಪಾಗಿರುವುದಿಲ್ಲವೇ, ತಮ್ಮ?” ಎಂದು ಕೇಳಿದಳು.

ಬಳ್ಳಿ ಚಿಪ್ಪಿನ ರುಚಿಯನ್ನು ಹೀರುವುದಿಲ್ಲ, ಆ ಸುಣ್ಣದ ನೆಲ ಬೇರಿಗೆ ನೀರನ್ನು ಹದವಾಗಿ ಉಣಿಸುತ್ತದೆ, ಚಳಿ ಹುಳಿಯನ್ನು ಉಳಿಸುತ್ತದೆ ಎಂದೆ. ಅವಳು ಚಿತ್ರವನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿದಳು. “ಬಹಳ ಸಣ್ಣವು. ನಾವಾದರೆ ಇಷ್ಟು ಸಣ್ಣದನ್ನು ಆರಿಸದೆ ಹೊಳೆಗೇ ಬಿಡುತ್ತೇವೆ” ಎಂದಳು.