ಜೀಪಿನ ಹಿಂಬಾಗಿಲಿಗೆ ಸ್ಟೆಪ್ನಿ: ಮೂರನೆಯ ಸಲ ನಿಂತಿತು

"ಗೌಡರೇ, ಹಿಂದೆ ಸ್ಟೆಪ್ನಿ ಕಟ್ಟಿದರೆ ಬಾಗಿಲು ಕೈಗೆ ಬರುತ್ತದೆ, ಬರೆದಿಟ್ಟುಕೊಳ್ಳಿ" ಎಂದು ನಮ್ಮ ಮೂಡಿಗೆರೆ ಕಡೆಯ ವೆಲ್ಡಿಂಗ್ ಮೇಸ್ತ್ರಿ ಹೇಳಿದ್ದರು. ಮೊದಲ ಸಲ ಅವರ ಮಾತು ನಿಜವಾಯಿತು. ಎರಡನೆಯ ಸಲವೂ ನಿಜವಾಯಿತು. ಮೂರನೆಯದು ನಿಂತು ಈಗ ಎರಡು ಮಳೆಗಾಲ ಕಳೆದಿವೆ. ಆರೇಳು ಸಾವಿರ ಕಿಲೋಮೀಟರ್ ಓಡಿರಬೇಕು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತೋಟದ ಕಲ್ಲುದಾರಿ. ಇನ್ನು ಬರೆಯಬಹುದು ಎನ್ನಿಸಿತು.

ಗಾಡಿ ಮಹೀಂದ್ರಾ ಎಂಎಂ 540, ಹಳೆಯದು. ನನ್ನ ಕೈಗೆ ಬಂದಾಗ ಸ್ಟೆಪ್ನಿ ಎಡಮಗ್ಗುಲಿಗೆ ಅಂಟಿಕೊಂಡಿತ್ತು. ಡಾಂಬರು ರಸ್ತೆಯಲ್ಲಿ ಅದರಿಂದ ತೊಂದರೆಯಿಲ್ಲ. ಆದರೆ ರೊಬಸ್ಟಾ ಗಿಡಗಳ ನಡುವೆ ಇಳಿದರೆ ಪ್ರತಿ ಸಲವೂ ಒಂದೆರಡು ರೆಂಬೆ ಮುರಿದುಕೊಂಡೇ ಬರುತ್ತಿತ್ತು. ಒಂದು ದಿನ ಅಮ್ಮ ಜೀಪಿನಿಂದಿಳಿದು, ಸ್ಟೆಪ್ನಿಗೆ ಸಿಕ್ಕಿಕೊಂಡಿದ್ದ ಹಣ್ಣು ತುಂಬಿದ ರೆಂಬೆಯನ್ನು ಬಿಡಿಸಿ ನನ್ನ ಕೈಗಿಟ್ಟು ಒಳಗೆ ಹೋದರು. ಏನೂ ಹೇಳಲಿಲ್ಲ. ಒಳಗೆ ಹಾಕೋಣವೆಂದರೆ ಹಿಂದೆ ಕಾಫಿ ಮೂಟೆ, ಇಲ್ಲವೇ ಕೆಲಸದವರು. ಹಾಗಾಗಿ ಹಿಂಬಾಗಿಲೊಂದೇ ಉಳಿಯಿತು.

ಬೆಂಗಳೂರಿನಲ್ಲಿ ವಿಚಾರಿಸಿದೆ. ಬಂಪರ್ ಸಮೇತ, ಬಾಗಿಲಿನ ಬದಲು ಸ್ಟೆಪ್ನಿ ಹೊತ್ತು ಪಕ್ಕಕ್ಕೆ ತಿರುಗುವ ಕಬ್ಬಿಣದ ಕೈ, ಎಲ್ಲ ಸೇರಿ 38,000 ರೂಪಾಯಿ ಎಂದರು. ಈ ಜೀಪಿನ ಎಂಜಿನ್ ಬಿಚ್ಚಿ ಕಟ್ಟಿಸಿದ್ದಕ್ಕೂ ಹೆಚ್ಚು ಕಡಿಮೆ ಅಷ್ಟೇ ಆಗಿತ್ತು. ಫೋನ್ ಇಟ್ಟೆ.

ಮೊದಲ ಪ್ರಯತ್ನವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಗುಜರಿಯಲ್ಲಿ ಬೊಲೆರೋ ಹಿಂಬಾಗಿಲಿನ ಸ್ಟೆಪ್ನಿ ಬ್ರಾಕೆಟ್ 600 ರೂಪಾಯಿಗೆ ಸಿಕ್ಕಿತು. ಎರಡೂ ಗಾಡಿಗಳದ್ದು ಐದು ಬೋಲ್ಟಿನ ಚಕ್ರ, ಬೋಲ್ಟುಗಳು ಕೂರುವ ವೃತ್ತದ ವ್ಯಾಸ 139.7 ಮಿ.ಮೀ., ಆದ್ದರಿಂದ ಚಕ್ರದ ಕಬ್ಬಿಣದ ಡಿಸ್ಕ್ ಬ್ರಾಕೆಟ್ಟಿನ ಮೇಲೆ ಸರಿಯಾಗಿ ಕುಳಿತಿತು. ಅದು ಕುಳಿತ ಖುಷಿಯಲ್ಲಿ ಉಳಿದದ್ದನ್ನು ಯೋಚಿಸಲೇ ಇಲ್ಲ. ನನ್ನ ಜೀಪಿನ ಹಿಂಬಾಗಿಲು ಕೆಳಕ್ಕೆ ಬೀಳುವಂಥದ್ದು, ಎರಡು ಸರಪಳಿಯ ಮೇಲೆ ನಿಲ್ಲುತ್ತದೆ. ಕಾಫಿ ತೂಗುವ ತಕ್ಕಡಿಗೆ ಸ್ಟೆಪ್ನಿ ಹಾಕಿದರೆ 27 ಕಿಲೋ ತೋರಿಸಿತ್ತು, 6.00-16 ಲಗ್ ಟೈರು, ಟ್ಯೂಬು, ಡಿಸ್ಕ್ ಸೇರಿ. ಇಪ್ಪತ್ತೇಳು ಕಿಲೋ ಹೊತ್ತ ಬಾಗಿಲು ಕೈಜಾರಿ ಬಿದ್ದರೆ ಸರಪಳಿ ಏನಾಗುತ್ತದೆ ಎಂಬುದು ನಾಲ್ಕನೆಯ ದಿನವೇ ಗೊತ್ತಾಯಿತು. ಸರಪಳಿ ಬದಲಾಯಿಸಿದೆ. ಮೂರು ವಾರದೊಳಗೆ ಬ್ರಾಕೆಟ್ಟಿನ ಬೋಲ್ಟುಗಳ ಸುತ್ತ ತಗಡು ಹಪ್ಪಳದಂತೆ ಸೀಳಿತು. ಒಟ್ಟು 1,500 ರೂಪಾಯಿ ಹೋಯಿತು.

ಎರಡನೆಯ ಸಲ ಬಾಗಿಲನ್ನೇ ಪಕ್ಕಕ್ಕೆ ತೆರೆಯುವಂತೆ ಮಾಡಿಸಿದೆ. ತಗಡಿನ ಒಳಗೆ ಆಂಗಲ್ ಚೌಕಟ್ಟು, ಬಲಮೂಲೆಗೆ ಮೂರು ದಪ್ಪ ಗೇಟಿನ ಕೀಲು, ಕೀಲಿನೊಳಗೆ ಗನ್‌ಮೆಟಲ್ ಬುಷ್ (ಕಂಚಿನ ಬಳೆ). ನೋಡಲು ಕಾರ್ಖಾನೆಯಿಂದ ಬಂದಂತೆಯೇ ಇತ್ತು, ಫೋಟೋ ತೆಗೆದು ನಾಲ್ಕು ಜನರಿಗೆ ಕಳುಹಿಸಿದ್ದೂ ಹೌದು. ಬಾಗಿಲು ಗಟ್ಟಿಯಾಗಿಯೇ ಉಳಿಯಿತು. ಸೋತದ್ದು ಅದನ್ನು ಹಿಡಿದಿದ್ದ ಬಾಡಿಯ ಮೂಲೆ. ಒಂದು ಬೇಸಿಗೆಯ ಧೂಳು ತಿಂದು ಬುಷ್ ಸವೆಯಿತು, ಬಾಗಿಲು ಒಂದಿಂಚು ಜೋತುಬಿತ್ತು, ಮೊಣಕಾಲಿನಿಂದ ಎತ್ತಿ ಚಿಲಕ ಹಾಕಬೇಕಾಯಿತು. ಆಮೇಲೆ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅದನ್ನು ವೆಲ್ಡಿಂಗ್ ಮಾಡಿ ಮುಚ್ಚಿಸುವಾಗ ಬ್ಯಾಟರಿ ಬಿಚ್ಚುವುದನ್ನು ಮರೆತದ್ದಕ್ಕೆ ಆಲ್ಟರ್ನೇಟರಿನ ಡಯೋಡ್ ಸುಟ್ಟು 1,200 ರೂಪಾಯಿ ದಂಡ. ತಪ್ಪು ನನ್ನದೇ, ಪಕ್ಕದಲ್ಲೇ ನಿಂತು ಚಹಾ ಕುಡಿಯುತ್ತಿದ್ದೆ. ಈ ಸುತ್ತಿನಲ್ಲಿ ಆರೂವರೆ ಸಾವಿರ ಮುಗಿಯಿತು. ಮೇಸ್ತ್ರಿ "ನಾನು ಹೇಳಿರಲಿಲ್ಲವೇ" ಎನ್ನಲಿಲ್ಲ. ಮುಖ ನೋಡಿದರೆ ಸಾಕಾಗಿತ್ತು.

ಆ ಮಳೆಗಾಲವಿಡೀ ಸ್ಟೆಪ್ನಿ ಕಣದ ಮನೆಯ ಮೂಲೆಯಲ್ಲಿ ಬಿದ್ದಿತ್ತು. ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಜೀಪಿನ ಒಂದು ಹಿಂಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ, ಅಡಿಯ ಚೌಕಟ್ಟಾದ ಚಾಸಿಗೂ ಬಾಡಿಗೂ ನಡುವಿನ ಸಂದನ್ನು ಸ್ಕೇಲು ಹಿಡಿದು ಅಳೆದದ್ದು. ಒಂದು ಕಡೆ ಐದಾರು ಮಿ.ಮೀ. ತೆರೆದುಕೊಂಡಿತ್ತು. ಬಾಡಿ ರಬ್ಬರಿನ ಮೇಲೆ ಕುಳಿತಿದೆ, ಚಾಸಿ ತಿರುಚಿದಷ್ಟು ಅದು ತಿರುಚುವುದಿಲ್ಲ. ಹಾಗಾಗಿ ತೂಕ ಪೂರ್ತಿ ಚಾಸಿಗೇ ಹೋಗಬೇಕು, ಬಾಗಿಲು ಅದರ ಜೊತೆ ಸುಮ್ಮನೆ ಬಂದು ಹೋಗಬೇಕು, ಇವೆರಡರ ನಡುವೆ ಬಿಗಿ ಕಟ್ಟು ಇರಬಾರದು.

ಮೂರನೆಯ ಸಲ ಬೆಂಗಳೂರಿನವರು ಹೇಳಿದಂಥ ಕೈಯನ್ನೇ ಮಾಡಿಸಲು ಹೊರಟೆ. ಇಎನ್8 ಎಂಬ ಉಕ್ಕಿನ ರಾಡನ್ನು ಲೇತಿನಲ್ಲಿ 30 ಮಿ.ಮೀ.ಗೆ ಇಳಿಸಿ, ಕೈ ತಿರುಗಲು ಕಂಬ ಮಾಡಿಸಿದೆ. ದಪ್ಪ ಗೋಡೆಯ 76 ಮಿ.ಮೀ. ಪೈಪಿನ ತುಂಡನ್ನು ಒಳಗಡೆ ಕೊರೆಸಿ, ಮೇಲೊಂದು ಕೆಳಗೊಂದು 30206 ನಂಬರಿನ ಟೇಪರ್ (ಓರೆ ರೋಲರಿನ) ಬೇರಿಂಗ್ ಕೂರಿಸಿದೆ. ಇಡೀ ಕೆಲಸದ ಜೀವ ಇರುವುದು ಈ ಎರಡು ಬೇರಿಂಗುಗಳಲ್ಲಿ, ಜೋಡಿಗೆ 700 ರೂಪಾಯಿ. ಬುಷ್ ಸವೆದರೆ ಬದಲಾಯಿಸಬೇಕು, ಟೇಪರ್ ಬೇರಿಂಗ್ ಸಡಿಲಾದರೆ ನಟ್ ಕಾಲು ಸುತ್ತು ತಿರುಗಿಸಿದರೆ ಆಯಿತು. ಕಂಬದ ಬುಡಕ್ಕೆ 10 ಮಿ.ಮೀ. ಪ್ಲೇಟು ಬೆಸೆದು ಚಾಸಿಯ ಹಿಂದಿನ ಅಡ್ಡತೊಲೆಗೆ (ಕ್ರಾಸ್ ಮೆಂಬರ್) ಆರು ಬೋಲ್ಟಿನಿಂದ ಕಟ್ಟಿದೆ. ಚಾಸಿಗೆ ವೆಲ್ಡಿಂಗ್ ರಾಡು ಮುಟ್ಟಿಸಲು ಬಿಡಲಿಲ್ಲ. ಈ ಬೇರಿಂಗುಗಳ ಮೇಲೆ ತಿರುಗುವ, ಸ್ಟೆಪ್ನಿ ಹೊರುವ ಕೈ 50 x 50 x 4 ಮಿ.ಮೀ. ಚೌಕ ಪೈಪಿನದು.

ಬಾಗಿಲನ್ನು ಈ ಕೈಗೆ ಜೋಡಿಸುವಲ್ಲಿ ಒಂದು ವಾರ ಹೋಯಿತು. ಬಾಗಿಲಿನ ಕೀಲು ಒಂದು ಕಡೆ, ಕೈಯ ಕಂಬ ಅದಕ್ಕಿಂತ ಸುಮಾರು 80 ಮಿ.ಮೀ. ಹಿಂದೆ. ಎರಡೂ ಬೇರೆ ಬೇರೆ ವೃತ್ತದಲ್ಲಿ ತಿರುಗುತ್ತವೆ. ಗಟ್ಟಿಯಾಗಿ ಕಟ್ಟಿದಾಗ ಅರ್ಧ ತೆರೆಯುವಷ್ಟರಲ್ಲಿ ಹಟ ಹಿಡಿದು ನಿಂತಿತು. ಕೊನೆಗೆ ಕಣದ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಿಂದ ನಿಜ ಅಳತೆಯಲ್ಲೇ ಬರೆದೆ, ದಾರಕ್ಕೆ ಮೊಳೆ ಕಟ್ಟಿ ಎರಡು ಕಮಾನು ಎಳೆದೆ. ಬಾಗಿಲನ್ನು ಕೈಗೆ ಸಿಕ್ಕಿಸುವ ಗೂಟ, ಬಾಗಿಲು ಮುಚ್ಚಿದಾಗ ಇರುವ ಜಾಗಕ್ಕೂ ಪೂರ್ತಿ ತೆರೆದಾಗ ಬರುವ ಜಾಗಕ್ಕೂ ಕೈಯ ಉದ್ದಕ್ಕೆ 85 ಮಿ.ಮೀ. ಚಿಲ್ಲರೆ ವ್ಯತ್ಯಾಸ. ಕೈಯಲ್ಲಿ 100 ಮಿ.ಮೀ. ಉದ್ದದ ಸೀಳುಗಂಡಿ (ಸ್ಲಾಟ್) ಕೊರೆಸಿ, ಬಾಗಿಲಿನ ಗೂಟಕ್ಕೆ ರಬ್ಬರ್ ತೊಡಿಸಿ ಅದರಲ್ಲಿ ಓಡಾಡಲು ಬಿಟ್ಟೆ. ಈಗ ಕೈ ಎಳೆದರೆ ಬಾಗಿಲು ಹಿಂದೆಯೇ ಬರುತ್ತದೆ, ಒಂದೇ ಬೆರಳು ಸಾಕು. ಹಾಸನದಿಂದ ಬಂದಿದ್ದ ಭಾವ ಮೂರು ಸಲ ತೆರೆದು ಮುಚ್ಚಿ ನೋಡಿದರು.

ಮುಚ್ಚಿದಾಗ ಕೈಯ ತುದಿ ಬಂಪರಿನ ಮೇಲಿನ ಇಳಿಜಾರು ಪೀಠದ ಮೇಲೆ ಹತ್ತಿ ಕೂರುತ್ತದೆ. ಓಡುವಾಗ ಭಾರವನ್ನು ಕಂಬವೊಂದೇ ಹೊರುವುದಿಲ್ಲ. ಪೀಠಕ್ಕೆ ಮೊದಲು ಸಿಲ್ವರ್ ಓಕ್ ತುಂಡು ಹಾಕಿದೆ, ಎರಡು ತಿಂಗಳಲ್ಲಿ ತಟ್ಟೆಯಾಯಿತು. ಹಲಸಿನದು ಒಂದು ಮಳೆಗಾಲ ಬಾಳಿತು. ಈಗಿರುವುದು ನೈಲಾನ್, 250 ರೂಪಾಯಿ. ಬೀಟೆಯಲ್ಲಿ ಮಾಡಿ ನೋಡುವ ಆಸೆ ಇತ್ತು, ಮನೆಯಲ್ಲಿ ಹಳೆಯ ಮಂಚದ ಕಾಲಿನ ಕಡೆ ನೋಡಿದ್ದಕ್ಕೇ ಬೈಸಿಕೊಂಡೆ.

ಚಿಲಕ ಲಾರಿಯ ಹಿಂಬಾಗಿಲಿನದು. ಅದು ಎರಡು ವರ್ಷವಾದರೂ ಗಡಗಡ ಎನ್ನದಿರಲು ಒಂದು ಚಿಕ್ಕ ಉಪಾಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದಾಗ ತೆರೆದ ಕೈ ತಾನಾಗಿ ಬಂದು ಬೆನ್ನಿಗೆ ಬಡಿಯದಂತೆ ಮಾಡಿದ್ದೂ ಹಾಗೆಯೇ. ಕಾರಿನ ಡಿಕ್ಕಿಯ ಗ್ಯಾಸ್ ರಾಡ್ ಹಾಕಿ ಸೋತೆ ಎಂದಷ್ಟೇ ಹೇಳುತ್ತೇನೆ. ಉಳಿದದ್ದನ್ನು ತೋಟಕ್ಕೆ ಬಂದವರಿಗೆ ಕಾಫಿ ಕೊಟ್ಟು ತೋರಿಸುತ್ತೇನೆ.

ಗಟ್ಟಿತನ ನೋಡಲು ಕೈಯನ್ನು ಪೂರ್ತಿ ತೆರೆದು, 50 ಕಿಲೋದ ಎರಡು ಮೂಟೆ ನೇತುಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ತೂಗುಗುಂಡಿನಲ್ಲಿ ನೋಡಿದರೆ ಎರಡು ಮಿ.ಮೀ. ಇಳಿದಿತ್ತು, ಮೂಟೆ ತೆಗೆದಾಗ ಮತ್ತೆ ಮೇಲೆ ಬಂತು. ಆ ಧೈರ್ಯದಲ್ಲಿ 20 ಲೀಟರಿನ ಡೀಸೆಲ್ ಕ್ಯಾನನ್ನೂ ಅದೇ ಕೈಗೆ ಕಟ್ಟಿ ಬಿಸಿಲೆ ಘಾಟಿಗೆ ಹೋದೆ. ಕೈಗೆ ಏನೂ ಆಗಲಿಲ್ಲ, ಕ್ಯಾನ್ ಮಾತ್ರ ಉಜ್ಜಿ ಉಜ್ಜಿ ತೂತಾಯಿತು. ಇಡೀ ದಾರಿ ಡೀಸೆಲ್ ವಾಸನೆ. ಕ್ಯಾನ್ ಈಗ ಒಳಗಿದೆ.

ಮೊದಲ ಮಳೆಗೆ ಬೇರಿಂಗ್ ಗೂಡಿನೊಳಗೆ ನೀರು ನಿಂತಿತ್ತು, ಗ್ರೀಸ್ ಮಜ್ಜಿಗೆಯಾಗಿತ್ತು. ಮುಚ್ಚಳ ಮಾಡಿಸಲು ಮತ್ತೆ ಲೇತಿಗೆ ಹೋಗಬೇಕೆಂದುಕೊಂಡಿದ್ದಾಗ ಸ್ಪ್ರಿಂಕ್ಲರ್ ಲೈನಿನ 75 ಮಿ.ಮೀ. ಎಂಡ್ ಕ್ಯಾಪ್ ಕಣ್ಣಿಗೆ ಬಿತ್ತು. ಕುದಿಯುವ ನೀರಿನಲ್ಲಿ ಅದ್ದಿ ತೆಗೆದು 76ರ ಪೈಪಿನ ಮೇಲೆ ಒತ್ತಿದರೆ ಚರ್ಮದಂತೆ ಕೂತಿತು. ಅಂದಿನಿಂದ ಒಳಗೆ ಒಂದು ಹನಿ ಹೋಗಿಲ್ಲ.

ನಂಬರ್ ಪ್ಲೇಟ್ ಮರೆಯಬೇಡಿ. ಟೈರು ಅದನ್ನು ಮುಚ್ಚಿದರೆ ದಾರಿಯಲ್ಲೂ ಕೇಳುತ್ತಾರೆ, ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಹೋದಾಗಲೂ ಕೇಳುತ್ತಾರೆ. ನಾನು ಪ್ಲೇಟನ್ನೂ ಅದರ ದೀಪವನ್ನೂ ಎಡಕ್ಕೆ ಸರಿಸಿದ್ದೇನೆ.

ಮೂರನೆಯ ಸುತ್ತಿನ ಖರ್ಚು ನೆನಪಿನಿಂದ ಹೇಳುವುದಾದರೆ: ಲೇತಿಗೆ 1,800, ಮೇಸ್ತ್ರಿಗೆ 2,500, ಪೈಪು ಪ್ಲೇಟಿಗೆ ಒಂದೂವರೆ ಸಾವಿರ, ಬೇರಿಂಗು, ರಾಡು, ಬೋಲ್ಟು, ಬಣ್ಣ ಎಲ್ಲ ಸೇರಿ ಒಂಬತ್ತು ಸಾವಿರದ ಆಸುಪಾಸು. ಹಿಂದಿನ ಎರಡು ಸೋಲುಗಳನ್ನು ಸೇರಿಸಿದರೆ 17,000. ಆದರೂ ಬೆಂಗಳೂರಿನ ಲೆಕ್ಕದ ಅರ್ಧಕ್ಕಿಂತ ಕಡಿಮೆ.

ಮೇಸ್ತ್ರಿ ಈಗ ಬಾಳೆಹೊನ್ನೂರಿನ ಕಡೆಯವರೊಬ್ಬರ ಜೀಪಿಗೆ ಇದನ್ನೇ ಮಾಡಿಕೊಟ್ಟಿದ್ದಾರೆ. ನನಗೆ ಹೇಳಿರಲಿಲ್ಲ, ಗ್ಯಾರೇಜಿನಲ್ಲಿ ಬಣ್ಣ ಒಣಗಲು ನಿಲ್ಲಿಸಿದ್ದಾಗ ನೋಡಿದೆ. ಬೇರಿಂಗ್ ಸರಿ, ಪೀಠ ಸರಿ, ಎಂಡ್ ಕ್ಯಾಪ್ ಕೂಡ ಬಿಟ್ಟಿಲ್ಲ. ಕೈಯ ಸೀಳುಗಂಡಿಯನ್ನು ಮಾತ್ರ 50 ಮಿ.ಮೀ. ಕೊರೆದಿದ್ದಾರೆ. ಬಾಗಿಲಿನ ಗೂಟ ಇನ್ನೂ ಹಾಕಿರಲಿಲ್ಲ. "ಚೆನ್ನಾಗಿದೆ ಮೇಸ್ತ್ರಿ" ಎಂದು ಹೇಳಿ ಬಂದಿದ್ದೇನೆ. ಗೂಟ ಹಾಕಿದ ದಿನ ಫೋನ್ ಬರುತ್ತದೆ.