ಗೊತ್ತಿಲ್ಲದ ನದಿಯಲ್ಲಿ ಸ್ಟೀಲ್‌ಹೆಡ್: ಡೆಶೂಟ್ಸ್‌ನಲ್ಲಿ ಒಂದು ದಿನ

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಕಡೆ ಇರುವ ನನಗೆ ಸ್ಟೀಲ್‌ಹೆಡ್ (ಸಮುದ್ರಕ್ಕೆ ಹೋಗಿ ನದಿಗೆ ಮರಳುವ ಟ್ರೌಟ್ ಮೀನು) ಅಂದರೆ ಸ್ಯಾಂಡಿ ನದಿ. ಅಲ್ಲಿ ಯಾವ ಬಂಡೆ ಹಿಂದೆ ಮೀನು ನಿಲ್ಲುತ್ತದೆ ಅಂತ ಗೊತ್ತು. ಡೆಶೂಟ್ಸ್ ನದಿ ಗೊತ್ತಿರಲಿಲ್ಲ. ಮೌಂಟ್ ಹುಡ್ ಪರ್ವತ ದಾಟಿ ಆಚೆ ಇಳಿದರೆ ಕಾಡು ಮುಗಿಯುತ್ತದೆ. ಒಣ ಕಣಿವೆ, ಕಪ್ಪು ಬಂಡೆಗಳು, ನಡುವೆ ರಭಸವಾಗಿ ಹರಿಯುವ ದೊಡ್ಡ ನದಿ. ಸೆಪ್ಟೆಂಬರ್‌ನಲ್ಲಿ ಮಾಪಿನ್ ಊರಿಗೆ ಹೋದೆ.

ಹೊರಡುವ ಮುಂಚೆ ನಿಯಮ ನೋಡಿಕೊಂಡೆ. ಇದು ಸುಮ್ನೆ ಹೇಳುವ ಮಾತಲ್ಲ. 2021ರಲ್ಲಿ ಸಮುದ್ರದಿಂದ ಮರಳಿದ ಮೀನು ತೀರಾ ಕಡಿಮೆ ಅಂತ ಇಲ್ಲಿ ಸ್ಟೀಲ್‌ಹೆಡ್ ಹಿಡಿಯುವುದನ್ನೇ ನಿಲ್ಲಿಸಿದ್ದರು. ಆಮೇಲೆ ವೈಟ್ ರಿವರ್ ವಿಷಯ. ಅದು ಮೌಂಟ್ ಹುಡ್‌ನ ಹಿಮನದಿಯಿಂದ ಬಂದು ಮಾಪಿನ್‌ನ ಕೆಳಗೆ ಡೆಶೂಟ್ಸ್ ಸೇರುತ್ತದೆ. ಬಿಸಿಲು ಜಾಸ್ತಿಯಾದರೆ ಬೂದು ಬಣ್ಣದ ಕೆಸರು ತರುತ್ತದೆ. ಆ ವಾರ ಸೆಕೆ ಇತ್ತು. ಹಾಗಾಗಿ ಸಂಗಮಕ್ಕಿಂತ ಮೇಲೆಯೇ ನಿಂತೆ.

ಹೊಸ ನದಿಯಲ್ಲಿ ನನ್ನ ಲೆಕ್ಕ ಒಂದೇ: ಊರೆಲ್ಲ ಸುತ್ತಬಾರದು. ಒಂದು ಜಾಗ ಆರಿಸಿ ಅದನ್ನು ಪೂರ್ತಿ ನೋಡಬೇಕು. ಸೊಂಟದಿಂದ ಎದೆವರೆಗೆ ಆಳ, ಮನುಷ್ಯ ನಡೆಯುವಷ್ಟು ವೇಗ, ತಳದಲ್ಲಿ ದೊಡ್ಡ ಕಲ್ಲು. ಇಷ್ಟಿದ್ದರೆ ದೂರದಿಂದ ಬಂದ ಮೀನು ಅಲ್ಲಿ ಸುಧಾರಿಸಿಕೊಳ್ಳುತ್ತದೆ. ಕೊಲಂಬಿಯಾ ನದಿಯ ಅಣೆಕಟ್ಟುಗಳನ್ನು ಹತ್ತಿ ಸುಮಾರು 400 ಕಿ.ಮೀ. ಈಜಿ ಬಂದಿರುತ್ತದಲ್ವಾ!

ಅಂಥ ಜಾಗದಲ್ಲಿ ಆಗಲೇ ಒಬ್ಬ ಹಿರಿಯರು ಗಾಳ ಬೀಸುತ್ತಿದ್ದರು. ನದಿ ಹರಿಯುವ ದಿಕ್ಕಿನಲ್ಲಿ ಅವರಿಗಿಂತ ಕೆಳಗೆ ನೀರಿಗೆ ಇಳಿಯುವುದು ಮರ್ಯಾದೆ ಅಲ್ಲ. "ನಿಮ್ಮ ಹಿಂದೆ, ಮೇಲಿಂದ ಬರಲಾ?" ಅಂತ ಕೇಳಿದೆ. "ಬನ್ನಿ, ಆದರೆ ಬಿಸಿಲು ಬೀಳುವ ಮುಂಚೆ ಮುಗಿಸಿ" ಅಂದರು. ಇಲ್ಲಿ ನದಿ ಉತ್ತರಕ್ಕೆ ಹರಿಯುತ್ತದೆ. ಪ್ರವಾಹಕ್ಕೆ ಎದುರಾಗಿ ನಿಂತ ಮೀನಿನ ಮುಖ ದಕ್ಷಿಣಕ್ಕಿರುತ್ತದೆ, ಬಿಸಿಲು ನೇರ ಕಣ್ಣಿಗೆ. ಮೀನಿಗೆ ರೆಪ್ಪೆ ಇಲ್ಲ. ಅದಕ್ಕೇ ಎಲ್ಲರೂ ನೆರಳಿನ ಹೊತ್ತನ್ನೇ ಕಾಯುತ್ತಾರೆ.

ತಳದ ಕಲ್ಲುಗಳು ನಮ್ಮೂರ ಕಲ್ಯಾಣಿಯ ಪಾಚಿ ಹಿಡಿದ ಮೆಟ್ಟಿಲಿನ ಹಾಗೆ ಜಾರುತ್ತವೆ. ಮೊಳೆ ಇರುವ ಬೂಟು, ಊರುಗೋಲು ಇಲ್ಲದೆ ಇಳಿಯಬೇಡಿ. ದೋಣಿಯಲ್ಲಿ ಕೂತು ಗಾಳ ಹಾಕುವಂತಿಲ್ಲ, ಕಾಲ ಮೇಲೆ ನಿಂತೇ ಹಾಕಬೇಕು. ಎರಡು ಕೈಯಲ್ಲಿ ಬೀಸುವ ಉದ್ದ ಕೋಲು, ತೇಲುವ ದಾರ, ತುದಿಯಲ್ಲಿ ಗ್ರೀನ್ ಬಟ್ ಸ್ಕಂಕ್ ಅನ್ನುವ ಕಪ್ಪು ಫ್ಲೈ (ಕೊಕ್ಕೆಗೆ ಸುತ್ತಿ ಮಾಡಿದ ಕೃತಕ ಹುಳು). ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಡಿಸಿದ್ದೆ. ಓರೆಯಾಗಿ ಕೆಳಕ್ಕೆ ಬೀಸುವುದು, ಪ್ರವಾಹಕ್ಕೆ ಬಾಗಿದ ದಾರದ ನಡುಭಾಗವನ್ನು ಒಮ್ಮೆ ಮೇಲಕ್ಕೆ ಎತ್ತಿ ಹಾಕುವುದು, ಫ್ಲೈ ತಾನಾಗಿ ದಡದ ಕಡೆ ತಿರುಗಿ ಬರಲು ಬಿಡುವುದು. ಆಮೇಲೆ ಎರಡು ಹೆಜ್ಜೆ ಕೆಳಗೆ.

ಜಾಗದ ಕೊನೆಯಲ್ಲಿ, ನೀರಿನ ಆಳ ಮತ್ತೆ ಕಡಿಮೆಯಾಗುವ ಹತ್ತಿರ, ದಾರ ನಿಂತಿತು. ಇಲ್ಲಿ ಕೈ ತಡೆಯಬೇಕು. ಕೋಲನ್ನು ಥಟ್ಟನೆ ಎತ್ತಿದರೆ ಫ್ಲೈ ಬಾಯಿಂದ ಜಾರಿ ಹೋಗುತ್ತದೆ. ಮೀನು ತಿರುಗಿ, ರೀಲ್ ಕಿರುಚಿ, ದಾರ ಎಳೆದುಕೊಂಡು ಹೋದ ಮೇಲೆ ದಡದ ಕಡೆಗೆ ನಿಧಾನ ಎತ್ತಿದೆ. ಎದೆ ಹೊಡೆದುಕೊಳ್ಳುತ್ತಿತ್ತು. ಅದು ಎರಡು ಸಲ ನೀರಿನಿಂದ ಪೂರ್ತಿ ಮೇಲೆ ಹಾರಿತು.

ಹತ್ತಿರ ಬಂದಾಗ ಬೆನ್ನಿನ ಹಿಂಬದಿಯ ಪುಟ್ಟ ಮಾಂಸದ ರೆಕ್ಕೆ ನೋಡಿದೆ. ಇತ್ತು. ಸಾಕಣೆ ಕೇಂದ್ರದ ಮೀನಿಗೆ ಅದನ್ನು ಕತ್ತರಿಸಿರುತ್ತಾರೆ. ಅದು ಇದ್ದರೆ ಕಾಡುಮೀನು, ಬಿಡಲೇಬೇಕು. ನೀರಿನಿಂದ ಎತ್ತದೆ ಕೊಕ್ಕೆ ತೆಗೆದು, ಬಾಲದ ಬುಡ ಹಿಡಿದು ಪ್ರವಾಹಕ್ಕೆ ಮುಖ ಮಾಡಿಸಿದೆ. ತಾನೇ ಬಿಡಿಸಿಕೊಂಡು ಹೋಯಿತು. ನೀರಿನ ಉಷ್ಣತೆಯನ್ನೂ ಬೆಳಿಗ್ಗೆಯೇ ಅಳೆದಿದ್ದೆ. 20 ಡಿಗ್ರಿ ಮುಟ್ಟಿದರೆ ನಾನು ಗಾಳ ಹಾಕುವುದಿಲ್ಲ. ಬೆಚ್ಚನೆ ನೀರಲ್ಲಿ ಸೆಣಸಿದ ಮೀನು ಬಿಟ್ಟ ಮೇಲೂ ಸಾಯಬಹುದು.

ಮಧ್ಯಾಹ್ನ ರಾಫ್ಟ್‌ಗಳ ಗದ್ದಲ. ಕೆಳಗೆ ಶೆರಾರ್ಸ್ ಜಲಪಾತಕ್ಕೆ ಹೋದೆ. ಬಂಡೆಯಂಚಿಗೆ ಕಟ್ಟಿದ ಮರದ ಅಟ್ಟಣಿಗೆಗಳ ಮೇಲೆ ನಿಂತು ವಾರ್ಮ್ ಸ್ಪ್ರಿಂಗ್ಸ್‌ನ ಮೂಲನಿವಾಸಿಗಳು ಉದ್ದ ಹಿಡಿಯ ಬಲೆಯಲ್ಲಿ ಮೀನು ಹಿಡಿಯುವ ಜಾಗ ಅದು. ಸರ್ಕಾರದ ಜೊತೆಗಿನ ಒಪ್ಪಂದದಿಂದ ಉಳಿದ ಹಕ್ಕು. ದೂರ ನಿಂತು ನೋಡಿ ಬಂದೆ.

ಸಂಜೆ ನೆರಳು ಮರಳಿದಾಗ ಅದೇ ಜಾಗದಲ್ಲಿ ಮೇಲಿಂದ ಮತ್ತೆ ಗಾಳ ಹಾಕಿದೆ. ಈ ಸಲ ಒಂದು ಚಿಕ್ಕ ರೆಡ್‌ಸೈಡ್ ಟ್ರೌಟ್ ಬಂತು. ಅದೂ ಸ್ಟೀಲ್‌ಹೆಡ್ ಜಾತಿಯದೇ, ಸಮುದ್ರಕ್ಕೆ ಹೋಗದೆ ನದಿಯಲ್ಲೇ ಉಳಿದದ್ದು.