ಯೂನಿಯನ್ ಕಟ್ಟಿದ್ದಕ್ಕೆ ಕೆಲಸ ಹೋದರೆ: ಅಮೆರಿಕದಲ್ಲಿ ತಾತ್ಕಾಲಿಕವಾಗಿ ವಾಪಸ್ ಸೇರುವುದು ಹೇಗೆ?

ಯೂನಿಯನ್ ಕಟ್ಟಲು ಓಡಾಡಿದ್ದಕ್ಕೆ ಕೆಲಸದಿಂದ ತೆಗೆಯುವುದು ಅಮೆರಿಕದಲ್ಲಿ ಕಾನೂನುಬಾಹಿರ. ಆದರೆ ಕೇಸು ಮುಗಿಯಲು ವರ್ಷಗಳೇ ಹಿಡಿಯಬಹುದು. ಅಷ್ಟರಲ್ಲಿ ಉಳಿದವರು ಹೆದರಿ ದೂರ ಸರಿದಿರುತ್ತಾರೆ. ಕೊನೆಗೆ ಕೆಲಸ, ಬಾಕಿ ಸಂಬಳ ಎರಡೂ ಸಿಗಬಹುದು, ಯೂನಿಯನ್ನೇ ಇರುವುದಿಲ್ಲ. ಈ ನಡುವಿನ ಕಾಲಕ್ಕೆ ಇರುವುದು 1947ರಲ್ಲಿ ಕಾರ್ಮಿಕ ಕಾಯ್ದೆಗೆ ಸೇರಿದ 10(ಜೆ) ಕಲಂ. ಕೇಸು ನಡೆಯುತ್ತಿರುವಾಗಲೇ ‘ಇವರನ್ನು ವಾಪಸ್ ತೆಗೆದುಕೊಳ್ಳಿ’ ಎಂದು ಕೋರ್ಟು ಹೇಳಬಹುದು.

ಮೊದಲ ಕೆಲಸ, ಇಂಥ ಕೇಸುಗಳನ್ನು ತನಿಖೆ ಮಾಡಿ ತೀರ್ಪು ಕೊಡುವ ಸರ್ಕಾರಿ ಸಂಸ್ಥೆಯಾದ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಯ (ಎನ್‌ಎಲ್‌ಆರ್‌ಬಿ) ಪ್ರಾದೇಶಿಕ ಕಚೇರಿಗೆ ದೂರು. ಶುಲ್ಕವಿಲ್ಲ, ವಕೀಲರು ಬೇಕೇಬೇಕು ಅಂತಿಲ್ಲ. ಗಡುವು 6 ತಿಂಗಳು. ಆದರೂ ಕಾಯಬೇಡಿ, ತಡವಾದಷ್ಟೂ ‘ತುರ್ತು’ ಎಂಬ ಮಾತಿಗೆ ಬೆಲೆ ಕಡಿಮೆ. 10(ಜೆ) ಅರ್ಜಿಯನ್ನು ನೀವಾಗಲಿ ಯೂನಿಯನ್ನಾಗಲಿ ಹಾಕುವಂತಿಲ್ಲ, ಮಂಡಳಿಯೇ ಹಾಕಬೇಕು. ಹಾಗಾಗಿ ತುರ್ತು ಆದೇಶ ಬೇಕೆಂದು ತನಿಖಾಧಿಕಾರಿಗೆ ಮೊದಲ ದಿನವೇ ಬಾಯಿಬಿಟ್ಟು ಹೇಳಿ.

ಮುಂದಿನದು ಸಾಕ್ಷ್ಯ. ಕೇಸು ನಿಲ್ಲುವುದೂ ಬೀಳುವುದೂ ಇಲ್ಲೇ. ನಿಮ್ಮ ಯೂನಿಯನ್ ಓಡಾಟ ಮ್ಯಾನೇಜರ್‌ಗೆ ಯಾವಾಗ ಗೊತ್ತಾಯಿತು, ಎಷ್ಟು ದಿನಕ್ಕೆ ಕೆಲಸ ಹೋಯಿತು, ಅದೇ ತಪ್ಪು ಮಾಡಿದ ಬೇರೆಯವರಿಗೆ ಏನಾಯಿತು ಎಂಬುದನ್ನೆಲ್ಲ ತಾರೀಖು ಸಮೇತ ಬರೆದಿಡಿ. ಮೆಸೇಜು, ನೋಟಿಸು, ಶಿಫ್ಟ್ ಪಟ್ಟಿ ಯಾವುದನ್ನೂ ಅಳಿಸಬೇಡಿ. ಜಾಸ್ತಿ ಜನ ಮರೆಯುವುದು ಇನ್ನೊಂದು ಲೆಕ್ಕವನ್ನು: ನಿಮ್ಮನ್ನು ತೆಗೆದ ಮೇಲೆ ಒಳಗೆ ಏನಾಯಿತು? ಮೀಟಿಂಗಿಗೆ ಮೊದಲು ಎಷ್ಟು ಜನ ಬರುತ್ತಿದ್ದರು, ಈಗೆಷ್ಟು? ಯೂನಿಯನ್ ಬೇಕೆಂದು ಹೇಳುವ ಕಾರ್ಡಿಗೆ ಸಹಿ ಹಾಕುವುದು ನಿಂತಿತಾ? ಯೂನಿಯನ್ ಬ್ಯಾಡ್ಜ್ ಬಿಚ್ಚಿಟ್ಟವರು ಯಾರು? ‘ಎಲ್ಲರೂ ಹೆದರಿದ್ದಾರೆ’ ಅಂದರೆ ಸಾಲದು.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. 2022ರ ಫೆಬ್ರವರಿಯಲ್ಲಿ ಮೆಂಫಿಸ್ ನಗರದ ಸ್ಟಾರ್‌ಬಕ್ಸ್ ಕಾಫಿ ಅಂಗಡಿಯೊಂದರಲ್ಲಿ ಯೂನಿಯನ್ ಕಟ್ಟುತ್ತಿದ್ದ ಏಳು ಜನರ ಕೆಲಸ ಹೋಯಿತು. ನಿಯಮ ಮುರಿದದ್ದಕ್ಕೆ ತೆಗೆದೆವು ಎಂದಿತು ಕಂಪನಿ. ಅದೇ ಆಗಸ್ಟ್‌ನಲ್ಲಿ ಕೋರ್ಟು ಅವರನ್ನು ವಾಪಸ್ ಸೇರಿಸಲು ಹೇಳಿತು. ಕಂಪನಿ ಸುಪ್ರೀಂ ಕೋರ್ಟ್ ತನಕ ಹೋಯಿತು. 2024ರ ಜೂನ್‌ನಲ್ಲಿ ಬಂದ ತೀರ್ಪು ಮಂಡಳಿಯ ದಾರಿಯನ್ನು ಕಷ್ಟ ಮಾಡಿತು. ಗೆಲ್ಲುವ ಸಾಧ್ಯತೆ ಇದೆ, ಈಗಲೇ ಆದೇಶ ಬರದಿದ್ದರೆ ಸರಿಪಡಿಸಲಾಗದ ನಷ್ಟ ಆಗುತ್ತದೆ, ಎರಡೂ ಕಡೆಯ ಕಷ್ಟ ತೂಗಿದರೆ ನ್ಯಾಯ ಇತ್ತ ಇದೆ, ಸಾರ್ವಜನಿಕ ಹಿತವೂ ಇದೆ ಎಂಬ ನಾಲ್ಕನ್ನೂ ಮಂಡಳಿ ಈಗ ತೋರಿಸಬೇಕು. ಎರಡನೆಯದಕ್ಕೇ ಮೇಲೆ ಹೇಳಿದ ಲೆಕ್ಕ ಬೇಕಾಗುವುದು. ಕೆಲಸ ಕಳೆದುಕೊಂಡವರ ಮೇಲೆ ಇಷ್ಟು ಭಾರ ಹೊರಿಸಿದ್ದು ಸರಿಯಲ್ಲ ಎಂದೇ ನನ್ನ ಅನಿಸಿಕೆ. ಆದರೆ ನಿಯಮ ಈಗ ಇದು.

ತನಿಖೆಯಲ್ಲಿ ದೂರು ನಿಜ ಅನಿಸಿದರೆ ಪ್ರಾದೇಶಿಕ ಕಚೇರಿ ಆರೋಪಪಟ್ಟಿ ಹೊರಡಿಸುತ್ತದೆ. ಮಂಡಳಿ ಒಪ್ಪಿದರೆ ಅರ್ಜಿ ಫೆಡರಲ್ ಜಿಲ್ಲಾ ಕೋರ್ಟಿಗೆ ಹೋಗುತ್ತದೆ. ಅಲ್ಲಿಯವರೆಗೆ ಸುಮ್ನೆ ಕೂರಬೇಡಿ, ಬೇರೆ ಕೆಲಸ ಹುಡುಕಿ, ಹುಡುಕಿದ್ದಕ್ಕೆ ದಾಖಲೆ ಇಡಿ. ಹುಡುಕದಿದ್ದರೆ ಮುಂದೆ ಬಾಕಿ ಸಂಬಳಕ್ಕೆ ಕತ್ತರಿ ಬೀಳಬಹುದು.

ಆದೇಶ ಬಂದರೆ ಹಳೆಯ ಕೆಲಸ ಸಿಗುತ್ತದೆ. ಬಾಕಿ ಸಂಬಳದ ತೀರ್ಮಾನ ಮಾತ್ರ ಮುಖ್ಯ ಕೇಸಿನಲ್ಲೇ. ಆದೇಶಕ್ಕೆ ಆಯಸ್ಸು ಮಂಡಳಿಯ ಅಂತಿಮ ತೀರ್ಪಿನ ತನಕ. ವಾಪಸ್ ಹೋದ ಮೇಲೆ ಸಮಯಕ್ಕೆ ಸರಿಯಾಗಿ ಹಾಜರಾಗಿ, ನಿಯಮ ಪಾಲಿಸಿ. ಹೊಸ, ನಿಜವಾದ ತಪ್ಪಿಗೆ ಈ ಆದೇಶ ರಕ್ಷಣೆ ಕೊಡುವುದಿಲ್ಲ. ಶಿಫ್ಟ್ ಕಡಿತವೋ ಕಿರುಕುಳವೋ ಶುರುವಾದರೆ ಅಂದೇ ಮಂಡಳಿಯ ವಕೀಲರಿಗೆ ತಿಳಿಸಿ. ಕಂಪನಿ ಆದೇಶ ಮುರಿದರೆ ಅದು ನ್ಯಾಯಾಂಗ ನಿಂದನೆ, ಮಂಡಳಿ ಮತ್ತೆ ಅದೇ ಜಡ್ಜ್ ಮುಂದೆ ಹೋಗಬಹುದು.